ಬಂದೂಕಿನ ಕುರ್ಚಿ



ಮುಂದೆ ಓದುವ ಮೊದಲು ನೀವು ಕುಳಿತಿರುವ ಜಾಗವನ್ನು ಒಮ್ಮೆ ನೋಡಿಕೊಳ್ಳಿ. ಅದು ತರಗತಿಯ ಬೆಂಚಾಗಿರಬಹುದು, ಹಾಸ್ಟೆಲಿನ ಕಬ್ಬಿಣದ ಮಂಚವಾಗಿರಬಹುದು, ಮನೆಯ ಪ್ಲಾಸ್ಟಿಕ್ ಕುರ್ಚಿಯಾಗಿರಬಹುದು. ಕೂರುವ ವಸ್ತು ಇರುವುದು ಕೂರುವುದಕ್ಕೆ, ಅದರಲ್ಲೇನು ವಿಶೇಷ ಎಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಭಾಷೆಯನ್ನು ಕೇಳಿ ನೋಡಿ. ಮದುವೆಯ ಗಂಡು ಹೆಣ್ಣು ಕೂರುವುದು ಹಸೆಮಣೆ. ಮಠದ ಗುರುಗಳದು ಪೀಠ. ಅರಸರದು ಸಿಂಹಾಸನ. ಚುನಾವಣೆ ಮುಗಿದ ಮರುದಿನ ಪತ್ರಿಕೆಯ ತಲೆಬರಹ ‘ಕುರ್ಚಿಗಾಗಿ ಕಾದಾಟ’. ನಾಲ್ಕು ಕಾಲು, ಒಂದು ಹಲಗೆ, ಒಂದು ಬೆನ್ನು. ಇಷ್ಟೇ ಇರುವ ಒಂದು ವಸ್ತುವಿಗೆ ನಾವು ಮದುವೆಯನ್ನೂ ಧರ್ಮವನ್ನೂ ಅಧಿಕಾರವನ್ನೂ ಅಂಟಿಸಿಬಿಟ್ಟಿದ್ದೇವೆ.

ಇಂದಿನ ಮಾತು ಕುರ್ಚಿಗಾಗಿ ನಡೆದ ಕಾದಾಟವನ್ನು ಕುರಿತದ್ದಲ್ಲ. ಕಾದಾಟದ ಸಾಮಾನಿನಿಂದಲೇ ಕೈಯಾರೆ ಮಾಡಿದ ಒಂದು ಕುರ್ಚಿಯನ್ನು ಕುರಿತದ್ದು. ಆ ಕುರ್ಚಿ ದೂರದ ಆಫ್ರಿಕದ್ದು. ಅಲ್ಲಿಗೆ ಹೋಗುವ ಮೊದಲು ನಮ್ಮ ಮನೆಯ ಒಂದು ಬೆಂಚಿನ ಸಂಗತಿ ಹೇಳಬೇಕು. ಏಕೆಂದರೆ ಆ ಕುರ್ಚಿ ನನಗೆ ಅರ್ಥವಾದದ್ದು ಈ ಬೆಂಚಿನಿಂದ.

ಸುಮಾರು ಹತ್ತು ವರ್ಷಗಳ ಹಿಂದೆ ಊರಿನ ನಮ್ಮ ಹಳೆಯ ಮನೆಯನ್ನು ಕೆಡವಬೇಕಾಯಿತು. ಕಂಬ, ತೊಲೆ, ಬಾಗಿಲುವಾಡಗಳನ್ನು ಅಂಗಳದಲ್ಲಿ ಒಟ್ಟಿದ್ದರು. ಮುಂಬಾಗಿಲಿನ ಹೊಸಿಲು ಹಲಸಿನ ಮರದ್ದು, ಐದಡಿ ಉದ್ದ, ಕಲ್ಲಿನಂತೆ ಗಟ್ಟಿ. ಅದನ್ನು ಸೌದೆಗೆ ಹಾಕಲು ಮನಸ್ಸಾಗದೆ ಊರಿನ ಆಚಾರರಿಗೆ ಕೊಟ್ಟು, ಬೆಂಗಳೂರಿನ ಮನೆಗೆ ಒಂದು ಬೆಂಚು ಮಾಡಿಕೊಡಲು ಹೇಳಿದೆ. “ಎಲ್ಲ ಕಡೆ ಚೆನ್ನಾಗಿ ಕೀಸಿ, ಬಾಗಿಲು ತಿರುಗುತ್ತಿದ್ದ ಕುಳಿಗಳನ್ನು ಮುಚ್ಚಿ, ಪಾಲಿಶ್ ಹಾಕಿಬಿಡಿ, ಹೊಸದರಂತೆ ಕಾಣಬೇಕು” ಎಂದೆ. ಆಚಾರರು ನಕ್ಕು, “ಎಲ್ಲಾ ಕೀಸಿಬಿಟ್ರೆ ಅಂಗಡಿ ಮರ ಆಗ್ತದೆ ಸ್ವಾಮಿ. ಅಷ್ಟಕ್ಕೆ ಇದೇ ಮರ ಯಾಕೆ ಬೇಕು?” ಎಂದರು. ಕುಳಿಗಳನ್ನು ಹಾಗೆಯೇ ಬಿಟ್ಟು, ಅಂಚನ್ನಷ್ಟೇ ನಯ ಮಾಡಿ ಕಾಲು ಜೋಡಿಸಿ ಕಳಿಸಿದರು.

ಬೆಂಚು ಬಂದ ದಿನ ನಾನು ಅದರ ಮೇಲೆ ಕುಳಿತು ನಮ್ಮಮ್ಮನನ್ನು ಕರೆದೆ. ಅಮ್ಮ ನಿಂತೇ ಇದ್ದರು. “ಅದು ಹೊಸಿಲು ಕಣೋ. ಹೊಸಿಲ ಮೇಲೆ ಯಾರಾದ್ರೂ ಕೂತ್ಕೋತಾರಾ? ಏಳು ಮೇಲೆ” ಎಂದರು. ನಾನು ವಿಜ್ಞಾನದ ಪದವೀಧರ. ಮರವೆಂದರೆ ಸೆಲ್ಯುಲೋಸ್, ಲಿಗ್ನಿನ್. ಅದು ಬಾಗಿಲಿನ ಕೆಳಗಿದ್ದರೂ ಒಂದೇ, ಬೆಂಚಿನ ಮೇಲಿದ್ದರೂ ಒಂದೇ ಎಂದು ವಾದಿಸಿದೆ. ಅಮ್ಮ ವಾದಕ್ಕೆ ಬರಲಿಲ್ಲ, ಬೆಂಚಿಗೂ ಬರಲಿಲ್ಲ. ಮುಂದಿನ ಶುಕ್ರವಾರ ನೋಡುತ್ತೇನೆ, ಬೆಂಚಿನ ಎರಡು ತುದಿಗೂ ಅರಿಸಿನ ಕುಂಕುಮ ಇಟ್ಟಿದ್ದರು. ಐವತ್ತು ವರ್ಷ ತಾನು ಪೂಜಿಸಿದ ಹೊಸಿಲನ್ನು ಅವರು ಗುರುತು ಹಿಡಿದಿದ್ದರು.

ಆಗ ನನಗೆ ತಮಾಷೆ ಎನಿಸಿತ್ತು. ಕೆಲವು ವರ್ಷಗಳ ನಂತರ ಕಾರ್ಯಕ್ರಮವೊಂದಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದಾಗ ಒಂದು ಕುರ್ಚಿಯ ಚಿತ್ರ ಕಣ್ಣಿಗೆ ಬಿತ್ತು. ದೂರದಿಂದ ನೋಡಿದರೆ ಕೈಗಳುಳ್ಳ, ಎತ್ತರದ ಬೆನ್ನಿನ ಸಾಧಾರಣ ಕುರ್ಚಿ; ಸುಮಾರು ಒಂದು ಮೀಟರ್ ಎತ್ತರ. ನಮ್ಮ ಕಸುಬಿನ ಮಾತಿನಲ್ಲಿ ಹೇಳುವುದಾದರೆ ಲಾಂಗ್ ಶಾಟ್‌ನಲ್ಲಿ ಅದು ಕುರ್ಚಿ. ಕ್ಲೋಸ್ ಅಪ್‌ಗೆ ಹೋದರೆ ಬಂದೂಕು! ಕಾಲು, ಕೈ, ಆಸನ, ಬೆನ್ನು, ಎಲ್ಲವೂ ಬಂದೂಕಿನ ಭಾಗಗಳೇ. ಹೆಸರು ‘ಆಯುಧಗಳ ಸಿಂಹಾಸನ’. ಮೊಜಾಂಬಿಕ್ ದೇಶದ ಕಲಾವಿದ ಕ್ರಿಸ್ಟೊವಾವ್ ಕನ್ಯವಾಟೊ 2001ರಲ್ಲಿ ಇದನ್ನು ಮಾಡಿದರು. ‘ಕೆಸ್ಟರ್’ ಎಂಬುದು ಅವರು ಕಲೆಗಾಗಿ ಇಟ್ಟುಕೊಂಡ ಹೆಸರು. 2002ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ ಇದನ್ನು ಕೊಂಡುಕೊಂಡಿತು.

ಮೊಜಾಂಬಿಕ್ ಎಲ್ಲಿದೆ? ಭೂಪಟದಲ್ಲಿ ಮಂಗಳೂರಿನಿಂದ ಅರಬ್ಬೀ ಸಮುದ್ರಕ್ಕೆ ಇಳಿದು ನೈಋತ್ಯಕ್ಕೆ ಸಾಗಿದರೆ, ಮಡಗಾಸ್ಕರ್ ದ್ವೀಪದ ಎದುರಿಗೆ ಆಫ್ರಿಕದ ಪೂರ್ವ ಕರಾವಳಿಯಲ್ಲಿ ಉದ್ದಕ್ಕೆ ಚಾಚಿಕೊಂಡಿರುವ ದೇಶ. ನಮಗೂ ಅದಕ್ಕೂ ಒಂದು ಹಳೆಯ ನಂಟುಂಟು. ಗೋಡಂಬಿ ಮರ ಬ್ರೆಜಿಲ್‌ನಿಂದ ಪೋರ್ಚುಗೀಸರ ಹಡಗಿನಲ್ಲಿ ಗೋವೆಗೂ ಬಂತು, ಮೊಜಾಂಬಿಕ್‌ಗೂ ಹೋಯಿತು. ಮುಂದೆ ಮಂಗಳೂರಿನ ಗೋಡಂಬಿ ಕಾರ್ಖಾನೆಗಳಿಗೆ ಪೂರ್ವ ಆಫ್ರಿಕದ ಕಚ್ಚಾ ಬೀಜ ದಶಕಗಳ ಕಾಲ ಹಡಗಿನಲ್ಲಿ ಬಂದಿದೆ. ಅದನ್ನು ಕಳಿಸಿದ ನಾಡುಗಳಲ್ಲಿ ಮೊಜಾಂಬಿಕ್ ಕೂಡ ಒಂದು.

ಆ ದೇಶ ಪೋರ್ಚುಗಲ್‌ನಿಂದ ಸ್ವತಂತ್ರವಾದದ್ದು 1975ರಲ್ಲಿ, ಹತ್ತು ವರ್ಷಗಳ ಸಶಸ್ತ್ರ ಹೋರಾಟದ ನಂತರ. ಹೋರಾಟ ನಡೆಸಿದ ಫ್ರೆಲಿಮೊ ಪಕ್ಷ ಅಧಿಕಾರಕ್ಕೆ ಬಂತು. ಸೋವಿಯತ್ ಒಕ್ಕೂಟ ಮತ್ತು ಅದರ ಮಿತ್ರ ದೇಶಗಳು ಅದಕ್ಕೆ ನೆರವಾದವು. ನೆರೆಯಲ್ಲಿದ್ದ ರೊಡೇಶಿಯದ ಬಿಳಿಯರ ಸರ್ಕಾರಕ್ಕೂ, ಆಮೇಲೆ ವರ್ಣಭೇದದ ದಕ್ಷಿಣ ಆಫ್ರಿಕಕ್ಕೂ ಇದು ಸಹನೆಯಾಗಲಿಲ್ಲ. ಅವು ರೆನಾಮೊ ಎಂಬ ಬಂಡುಕೋರ ಪಡೆಗೆ ಬೆಂಬಲ ಕೊಟ್ಟವು. 1977ರಲ್ಲಿ ಆರಂಭವಾದ ಅಂತರ್ಯುದ್ಧ ಹದಿನೈದು ವರ್ಷ ಉರಿಯಿತು. ಗುಂಡಿನಿಂದ, ಹಸಿವಿನಿಂದ, ರೋಗದಿಂದ ಸುಮಾರು ಹತ್ತು ಲಕ್ಷ ಜನ ಸತ್ತರು. ಮಕ್ಕಳ ಕೈಗೂ ಬಂದೂಕು ಕೊಟ್ಟರು. ನಿಮ್ಮಲ್ಲಿ ಹೈಸ್ಕೂಲಿನವರಿದ್ದರೆ, ನಿಮ್ಮ ವಯಸ್ಸಿನವರ, ನಿಮಗಿಂತ ಕಿರಿಯರ ಕೈಗೆ.

1992ರ ಅಕ್ಟೋಬರ್ 4ರಂದು ರೋಮ್ ನಗರದಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಬಂತು. ಅದರಲ್ಲಿ ನಮ್ಮ ದೇಶದ ಸೈನಿಕರೂ ಇದ್ದರು. 1994ರಲ್ಲಿ ಹಲವು ಪಕ್ಷಗಳು ಸ್ಪರ್ಧಿಸಿದ ಮೊದಲ ಚುನಾವಣೆ ನಡೆಯಿತು. ಯುದ್ಧ ನಿಂತಿತು, ಬಂದೂಕುಗಳು ಉಳಿದವು. ಹೊಲದಲ್ಲಿ ಹೂತಿಟ್ಟದ್ದು, ಮನೆಯ ಸೂರಿನಲ್ಲಿ ಸಿಕ್ಕಿಸಿಟ್ಟದ್ದು, ಕಾಡಿನಲ್ಲಿ ಬಚ್ಚಿಟ್ಟದ್ದು. ಯುದ್ಧವೊಂದನ್ನೇ ಕಸುಬಾಗಿ ಕಲಿತ ಸಾವಿರಾರು ತರುಣರು ಬರಿಗೈಯಲ್ಲಿ ಊರಿಗೆ ಮರಳಿದ್ದರು. ಬರಿಗೈ, ಹಸಿದ ಹೊಟ್ಟೆ, ಹತ್ತಿರದಲ್ಲೇ ಹೂತಿಟ್ಟ ಬಂದೂಕು. ಇವು ಮೂರೂ ಒಂದಾದರೆ ಏನಾಗುತ್ತದೆಂದು ಹೇಳಬೇಕಾಗಿಲ್ಲ.

ಆಗ 1995ರಲ್ಲಿ ಅಲ್ಲಿನ ಕ್ರೈಸ್ತ ಮಂಡಳಿ ಒಂದು ಯೋಜನೆ ಆರಂಭಿಸಿತು. ಅದರ ಹಿಂದಿದ್ದವರು ಬಿಷಪ್ ದಿನಿಸ್ ಸೆಂಗುಲಾನೆ. ಖಡ್ಗವನ್ನು ಬಡಿದು ನೇಗಿಲ ಗುಳ ಮಾಡುವ ಕಲ್ಪನೆ ಬೈಬಲ್ಲಿನಲ್ಲಿದೆ. ಯೋಜನೆಯ ಪೋರ್ಚುಗೀಸ್ ಹೆಸರಿನ ಅರ್ಥವೂ ‘ಆಯುಧಗಳನ್ನು ಗುದ್ದಲಿಗಳನ್ನಾಗಿ ಮಾಡುವುದು’ ಎಂದೇ. ನಿಯಮ ಸರಳ. ಬಂದೂಕು ತಂದು ಒಪ್ಪಿಸಿ, ಬದಲಿಗೆ ದುಡಿಯುವ ಸಾಧನ ತೆಗೆದುಕೊಂಡು ಹೋಗಿ. ಗುದ್ದಲಿ, ಹೊಲಿಗೆ ಯಂತ್ರ, ಸೈಕಲ್, ಮನೆಯ ಮೇಲೆ ಹೊದಿಸುವ ಶೀಟು; ಊರಿನವರೆಲ್ಲ ಸೇರಿ ಒಪ್ಪಿಸಿದ ಕಡೆ ಟ್ರ್ಯಾಕ್ಟರ್ ಕೊಟ್ಟದ್ದೂ ಉಂಟು. ಬಂದೂಕು ತಂದವರಿಗೆ ಕ್ಷಮಾದಾನವಿತ್ತು.

ಇದು ಸುಲಭವೆಂದು ತಿಳಿಯಬೇಡಿ. ಹದಿನೈದು ವರ್ಷ ಯಾರನ್ನೂ ನಂಬದೆ ಬದುಕಿದವನಿಗೆ ಬಂದೂಕು ಒಂದು ಧೈರ್ಯ. ಅದನ್ನು ಕೊಟ್ಟ ರಾತ್ರಿ ಅವನು ಬರಿಗೈಯಲ್ಲಿ ಮಲಗಬೇಕು; ಪಕ್ಕದ ಮನೆಯವನು ತನ್ನದನ್ನು ಕೊಟ್ಟನೋ ಇಲ್ಲವೋ ತಿಳಿಯದು. ಮೊದಲು ಹೋಗಿ ಒಪ್ಪಿಸಿದವನೇ ಆ ಊರಿನ ಧೀರ. ಬಿಷಪ್ಪರು ಹೇಳುತ್ತಿದ್ದುದೂ ಇದನ್ನೇ. ಕೈಯಲ್ಲಿರುವ ಆಯುಧ ಇಳಿಸಿದರೆ ಸಾಲದು, ಮನಸ್ಸಿನಲ್ಲಿರುವುದನ್ನೂ ಇಳಿಸಬೇಕು.

ಒಪ್ಪಿಸಿದ ಆಯುಧಗಳು ಮತ್ತೆ ಯಾರ ಕೈಗೂ ಸಿಕ್ಕಬಾರದಲ್ಲವೆ? ಅವನ್ನು ಮೊದಲು ಕತ್ತರಿಸಿ ನಿಷ್ಪ್ರಯೋಜಕ ಮಾಡುತ್ತಿದ್ದರು. ನಂತರ ಆ ತುಂಡುಗಳು ರಾಜಧಾನಿ ಮಪುಟೊದ ಕಲಾವಿದರ ಕೈಗೆ ಬರುತ್ತಿದ್ದವು. ಅವರು ವೆಲ್ಡಿಂಗ್ ಮಾಡಿ ಅವುಗಳಿಂದ ಹಕ್ಕಿ, ಪ್ರಾಣಿ, ಸಂಗೀತಗಾರ, ಮೇಜು, ಕುರ್ಚಿ ಮಾಡತೊಡಗಿದರು. ಕೆಸ್ಟರ್ ಅವರಲ್ಲೊಬ್ಬರು. ಅವರ ಬಂಧುಗಳಲ್ಲೇ ಇಬ್ಬರು ಯುದ್ಧದಲ್ಲಿ ಕಾಲು ಕಳೆದುಕೊಂಡಿದ್ದರು. ಒಬ್ಬರು ನೆಲಬಾಂಬು ತುಳಿದು, ಇನ್ನೊಬ್ಬರು ಕಾಳಗದಲ್ಲಿ. ತನ್ನವರ ಕಾಲು ಕಿತ್ತ ಯುದ್ಧದ ಸಾಮಾನಿನಿಂದ ಅವರು ಕುರ್ಚಿಗೆ ಕಾಲು ಮಾಡಿದರು.

ಈಗ ಆ ಕುರ್ಚಿಯನ್ನು ಒಂದೊಂದೇ ಭಾಗವಾಗಿ ನೋಡೋಣ. ಬೆನ್ನಿನಲ್ಲಿರುವುದು ಎರಡು ಜಿ-3 ಬಂದೂಕುಗಳು. ಅವು ಪೋರ್ಚುಗೀಸ್ ಸೈನ್ಯದವು, ಅಂದರೆ ವಸಾಹತು ಕಾಲದ ನೆನಪು. ಎರಡು ಕೈಗಳು ಸೋವಿಯತ್ ಒಕ್ಕೂಟದ ಎಕೆ-47. ಆಸನ ಪೋಲೆಂಡ್ ಮತ್ತು ಜೆಕೊಸ್ಲೊವಾಕಿಯ ದೇಶಗಳ ಬಂದೂಕುಗಳಿಂದ ಆದದ್ದು. ಮುಂದಿನ ಕಾಲುಗಳಲ್ಲಿ ಒಂದು, ಉತ್ತರ ಕೊರಿಯದಲ್ಲಿ ತಯಾರಾದ ಬಂದೂಕಿನ ನಳಿಗೆ. ಇಷ್ಟು ಹೆಸರುಗಳನ್ನು ಕೇಳಿದಿರಲ್ಲ, ಇವುಗಳಲ್ಲಿ ಆಫ್ರಿಕದ್ದು ಒಂದಾದರೂ ಇದೆಯೆ? ಇಲ್ಲ. ಸತ್ತವರು ಆಫ್ರಿಕದವರು, ಕೊಂದ ಸಾಮಾನು ಹೊರಗಿನದು. ಇಪ್ಪತ್ತನೆಯ ಶತಮಾನದ ಶೀತಲ ಸಮರವನ್ನು ನೀವು ಇತಿಹಾಸದ ಪಠ್ಯದಲ್ಲಿ ಎರಡು ಪುಟಗಳಲ್ಲಿ ಓದಿರುತ್ತೀರಿ. ಇಲ್ಲಿ ಅದು ಕೈ ಕಾಲು ಬೆನ್ನುಗಳಾಗಿ ಎದುರಿಗೆ ನಿಂತಿದೆ.

ಬೆನ್ನಿನ ಮೇಲ್ತುದಿಯಲ್ಲಿ ಬಂದೂಕಿನ ಹಿಂಬದಿಗಳು, ಎಂದರೆ ಗುರಿ ಹಿಡಿಯುವಾಗ ಭುಜಕ್ಕೆ ಒತ್ತಿಕೊಳ್ಳುವ ಭಾಗಗಳು, ಮೇಲ್ಮುಖವಾಗಿ ನಿಂತಿವೆ. ನೋಡಿದರೆ ಎರಡು ಮುಖಗಳಂತೆ ಕಾಣುತ್ತವೆ. ಕಣ್ಣುಂಟು, ನಗುವ ಬಾಯುಂಟು. ಇದನ್ನು ಕೆಸ್ಟರ್ ಕೆತ್ತಿದರೆ? ಇಲ್ಲ. ಕಣ್ಣುಗಳು ಸ್ಕ್ರೂ ಹಾಕಿದ್ದ ತೂತುಗಳು. ಬಾಯಿ, ಹೆಗಲಿಗೆ ಹಾಕುವ ಪಟ್ಟಿ ಕಟ್ಟಿದ್ದ ಗುರುತು. ರಾಶಿಯಲ್ಲಿ ಹುಡುಕಿ, ಮುಖಭಾವವುಳ್ಳ ತುಂಡುಗಳನ್ನೇ ತಾವು ಆರಿಸಿಕೊಂಡದ್ದಾಗಿ ಅವರು ಹೇಳಿದ್ದಾರೆ. ಅವರ ಪ್ರಕಾರ ಆ ಎರಡು ಮುಖಗಳು ಈಗ ನಮಗೆ ಬಿಡುಗಡೆಯಾಯಿತು ಎಂದು ಒಂದನ್ನೊಂದು ನೋಡಿ ನಗುತ್ತಿವೆ.

ನಮ್ಮ ಊರಿನ ಆಚಾರರು ಕುಳಿಗಳನ್ನು ಮುಚ್ಚದೆ ಬಿಟ್ಟದ್ದು ನನಗೆ ನೆನಪಾದದ್ದು ಇಲ್ಲಿಯೇ. ಅಂಗಡಿಯಿಂದ ತಂದ ಹೊಸ ಹಲಗೆಗೆ ನಾವು ಹೇಳಿದ್ದೇ ಮಾತು. ಬಳಸಿ ಬಿಟ್ಟ ವಸ್ತುವಿಗೆ ತನ್ನದೇ ಒಂದು ಮಾತು ಮೊದಲೇ ಇರುತ್ತದೆ. ಅದನ್ನು ಕೀಸಿ ಹಾಕುವುದೋ, ಕೇಳಿಸಿಕೊಂಡು ಅದರ ಮುಂದಿನ ಮಾತನ್ನು ಆಡುವುದೋ, ಇದು ಮಾಡುವವನ ಆಯ್ಕೆ. ಹಳೆಯ ಸಾಮಾನಿನಿಂದ ಹೊಸದನ್ನು ಮಾಡುವ ಕುಶಲಕರ್ಮಿಯ ನಿಜವಾದ ಪರೀಕ್ಷೆ ಈ ಆಯ್ಕೆಯಲ್ಲಿದೆ.

ಸರಿ, ಕುರ್ಚಿಯೇ ಏಕೆ, ಸಿಂಹಾಸನ ಎಂಬ ಹೆಸರೇಕೆ? ಆಫ್ರಿಕದ ಅನೇಕ ಜನಾಂಗಗಳಲ್ಲಿ ಪೀಠವೆಂದರೆ ಅಧಿಕಾರ, ಹಿರಿಯರ ಗೌರವ. ಈಗಿನ ಘಾನಾ ದೇಶದ ಅಸಾಂಟೆ ಜನ ತಮ್ಮ ಜನಾಂಗದ ಜೀವವೇ ಅಡಗಿದೆ ಎಂದು ನಂಬಿದ್ದ ಚಿನ್ನದ ಪೀಠವನ್ನು ಬ್ರಿಟಿಷ್ ಗವರ್ನರ್ ಕೇಳಿದ್ದಕ್ಕೆ 1900ರಲ್ಲಿ ಯುದ್ಧವೇ ನಡೆಯಿತು. ನಮಗೂ ಇದು ಹೊಸದಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪು ಸುಲ್ತಾನನ ಸಿಂಹಾಸನ ಏನಾಯಿತು? ಮರದ ಮೇಲೆ ಚಿನ್ನದ ತಗಡು ಹೊದಿಸಿದ್ದ ಆ ಸಿಂಹಾಸನವನ್ನು ಗೆದ್ದ ಸೈನ್ಯ ಲೂಟಿಯ ಪಾಲು ಹಂಚಲು ತುಂಡು ತುಂಡು ಮಾಡಿತು. ಅದರ ಹುಲಿಯ ತಲೆ ಮತ್ತು ಹುಮಾ ಹಕ್ಕಿ ಇಂಗ್ಲೆಂಡಿನ ರಾಜಮನೆತನದ ಸಂಗ್ರಹಕ್ಕೆ ಸೇರಿದವು. ಶ್ರೀರಂಗಪಟ್ಟಣದಲ್ಲಿ ಯುದ್ಧ ಒಂದು ಸಿಂಹಾಸನವನ್ನು ತುಂಡು ಮಾಡಿತು. ಮಪುಟೊದಲ್ಲಿ ಯುದ್ಧವನ್ನು ತುಂಡು ಮಾಡಿ ಒಂದು ಸಿಂಹಾಸನ ಕಟ್ಟಿದರು. ಆದರೆ ಈ ಸಿಂಹಾಸನಕ್ಕೆ ಅರಸನಿಲ್ಲ. ಅದರ ಮೇಲೆ ಯಾರಾದರೂ ಹಾಯಾಗಿ ಕುಳಿತಾರು ಎಂದೂ ಅನ್ನಿಸುವುದಿಲ್ಲ. ಬಂದೂಕಿನ ಬಲದಿಂದ ಸಿಕ್ಕಿದ ಅಧಿಕಾರ ಎಷ್ಟು ಸುಖದ್ದು ಎಂಬುದಕ್ಕೆ ಬೇರೆ ವಿವರಣೆ ಬೇಕೆ?

ಇಲ್ಲಿ ನಿಮ್ಮಲ್ಲಿ ವಿಜ್ಞಾನ ಓದುವವರು ಒಂದು ಪ್ರಶ್ನೆ ಎತ್ತಬಹುದು. ನಾನೂ ಎತ್ತಿದ್ದೆ. ಒಂದು ಬಂದೂಕಿನ ತೂಕ ನಾಲ್ಕು ಕಿಲೋದಷ್ಟು. ಹೆಚ್ಚಿನ ಪಾಲು ಒಳ್ಳೆಯ ಉಕ್ಕು. ಕುಲುಮೆಗೆ ಹಾಕಿ ಸುಮಾರು 1500 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಕರಗುತ್ತದೆ. ಆ ಉಕ್ಕಿನಿಂದ ಬೇಕಾದ್ದನ್ನು ಮಾಡಬಹುದು. ಬಡ ದೇಶದಲ್ಲಿ ಉಕ್ಕನ್ನು ಹೀಗೆ ಬಳಸುವುದು ಬಿಟ್ಟು ಕೂರಲಾಗದ ಕುರ್ಚಿ ಮಾಡುವುದು ದಂಡವಲ್ಲವೆ?

ಉತ್ತರವೂ ವಿಜ್ಞಾನದಲ್ಲೇ ಇದೆ ಎಂದು ನನಗೆ ತೋರುತ್ತದೆ. ಕರಗಿಸಿದಾಗ ದ್ರವ್ಯರಾಶಿ ಉಳಿಯುತ್ತದೆ, ಆಕಾರ ಹೋಗುತ್ತದೆ. ಆಕಾರದ ಜೊತೆಗೆ ಅದರಲ್ಲಿದ್ದ ಮಾಹಿತಿಯೂ ಹೋಗುತ್ತದೆ. ಯಾವ ದೇಶದಲ್ಲಿ ತಯಾರಾಯಿತು, ಯಾವ ಕಾಲದ್ದು, ಎಷ್ಟು ಕೈ ಸವೆಸಿದೆ, ಪಟ್ಟಿ ಎಲ್ಲಿ ಉಜ್ಜಿದೆ, ಇವೆಲ್ಲ ಬರೆದಿಟ್ಟ ದಾಖಲೆಯಂತೆ ಆ ಲೋಹದ ಮೇಲಿರುತ್ತವೆ. ಕುಲುಮೆಯಿಂದ ಹೊರಬಂದ ಉಕ್ಕಿನ ಗಟ್ಟಿಗೆ ಯಾವ ಯುದ್ಧವೂ ನೆನಪಿರುವುದಿಲ್ಲ. ಗುದ್ದಲಿಯನ್ನಂತೂ ಆ ಯೋಜನೆ ಬೇರೆಯಾಗಿಯೇ ಕೊಡುತ್ತಿತ್ತು. ಕುರ್ಚಿಯ ಕೆಲಸ ಬೇರೆ. ಅದು ಸಾಕ್ಷಿ ಹೇಳುವ ಕೆಲಸ. ಸಾಕ್ಷಿಯನ್ನು ಕರಗಿಸಬಾರದು.

ಆದರೂ ಇದೊಂದೇ ದಾರಿ ಎಂದು ನಾನು ಹೇಳಲಾರೆ. ದಕ್ಷಿಣ ಅಮೆರಿಕದ ಕೊಲಂಬಿಯದಲ್ಲಿ ಡೋರಿಸ್ ಸಾಲ್ಸೆಡೊ ಎಂಬ ಕಲಾವಿದೆ ಇದ್ದಾರೆ. ಹಿಂಸೆಗೆ ತುತ್ತಾದ ಕುಟುಂಬಗಳ ದುಃಖವನ್ನು ಹೇಳಲು ಹಳೆಯ ಬೀರು, ಮಂಚ, ಕುರ್ಚಿಗಳ ಒಳಗೆ ಕಾಂಕ್ರೀಟು ತುಂಬಿ ಕಲಾಕೃತಿ ಮಾಡಿದವರು. 2016ರ ಶಾಂತಿ ಒಪ್ಪಂದದ ನಂತರ ಅಲ್ಲಿನ ಗೆರಿಲ್ಲಾ ಪಡೆ ಒಪ್ಪಿಸಿದ ಆಯುಧಗಳಿಂದ ಒಂದು ಸ್ಮಾರಕ ಮಾಡುವ ಕೆಲಸ ಅವರಿಗೆ ಬಂತು. ಅವರು ಆಯುಧಗಳನ್ನು ಕರಗಿಸಿಯೇ ಬಿಟ್ಟರು! ಅದರಿಂದ ನೆಲಕ್ಕೆ ಹಾಸುವ ಫಲಕಗಳನ್ನು ಎರಕ ಹೊಯ್ಯಿಸಿದರು. ಅಚ್ಚಿಗೆ ಬೇಕಾದ ತಗಡುಗಳನ್ನು ಸುತ್ತಿಗೆಯಿಂದ ಬಡಿದು ರೂಪಿಸಿದವರು ಆ ಯುದ್ಧದಲ್ಲಿ ಅತ್ಯಾಚಾರಕ್ಕೆ ಒಳಗಾದ ಮಹಿಳೆಯರು. 2018ರಲ್ಲಿ ಬೊಗೊಟಾ ನಗರದಲ್ಲಿ ತೆರೆದ ಆ ಕಟ್ಟಡದಲ್ಲಿ ಜನ ಆಯುಧಗಳ ಮೇಲೆ ಕಾಲಿಟ್ಟು ನಡೆಯುತ್ತಾರೆ. ಬಂದೂಕಿನ ಆಕಾರವನ್ನು ಎತ್ತಿ ನಿಲ್ಲಿಸಿ ಗೌರವ ಕೊಡುವುದು ಅವರಿಗೆ ಬೇಕಿರಲಿಲ್ಲ.

ಕೆಸ್ಟರ್ ಆಕಾರವನ್ನು ಉಳಿಸಿ ನೆನಪಿಸಿದರು; ಸಾಲ್ಸೆಡೊ ಆಕಾರವನ್ನು ಅಳಿಸಿ, ಅಳಿಸಿದ ಕೈಗಳನ್ನು ನೆನಪಿಸಿದರು. ಯಾರು ಸರಿ? ನಿಮ್ಮ ತರಗತಿಯಲ್ಲಿ ಚರ್ಚಾಸ್ಪರ್ಧೆಗೆ ಇದಕ್ಕಿಂತ ಒಳ್ಳೆಯ ವಿಷಯ ಸಿಕ್ಕಲಾರದು. ಒಂದು ಮಾತು ಮಾತ್ರ ಇಬ್ಬರಿಗೂ ಸಮಾನ. ವಸ್ತು ಎಲ್ಲಿಂದ ಬಂತು ಎಂಬುದನ್ನು ಇಬ್ಬರೂ ಮುಚ್ಚಿಡಲಿಲ್ಲ.

ಬ್ರಿಟಿಷ್ ಮ್ಯೂಸಿಯಂ ಈ ಸಿಂಹಾಸನವನ್ನು 2005 ಮತ್ತು 2006ರಲ್ಲಿ ಬ್ರಿಟನ್ನಿನ ಶಾಲೆ, ಚರ್ಚು, ಸೆರೆಮನೆಗಳಿಗೂ ಕಳಿಸಿತು. ಅದನ್ನು ಕಂಡ ಮೇಲೆ ಕೆಸ್ಟರ್ ಮತ್ತು ಅವರ ಮೂವರು ಸಂಗಡಿಗರಿಂದ ಅದೇ ಬಗೆಯ ಆಯುಧಗಳಲ್ಲಿ ‘ಜೀವವೃಕ್ಷ’ ಎಂಬ ದೊಡ್ಡ ಮರವನ್ನೂ ಮಾಡಿಸಿತು. ಅದರ ತೂಕ ಸುಮಾರು ಅರ್ಧ ಟನ್ನು. 2010ರಲ್ಲಿ ನೂರು ವಸ್ತುಗಳ ಮೂಲಕ ಜಗತ್ತಿನ ಇತಿಹಾಸ ಹೇಳುವ ರೇಡಿಯೊ ಭಾಷಣಮಾಲೆಯೊಂದು ಪ್ರಸಾರವಾಯಿತು. ಅದರಲ್ಲಿ ತೊಂಬತ್ತೆಂಟನೆಯ ವಸ್ತುವಾಗಿ ಬಂದದ್ದು ಈ ಕುರ್ಚಿ.

ಹಾಗಾದರೆ ಕುರ್ಚಿ ಮಾಡಿದ್ದರಿಂದ ಮೊಜಾಂಬಿಕ್‌ನಲ್ಲಿ ಶಾಂತಿ ನೆಲಸಿತೆ? ನಿಮಗೆ ಸುಳ್ಳು ಹೇಳಬಾರದು. 2013ರಲ್ಲಿ ರೆನಾಮೊ ಮತ್ತೆ ಕಾಡು ಸೇರಿತು. ಇನ್ನೊಂದು ಶಾಂತಿ ಒಪ್ಪಂದಕ್ಕೆ 2019ರವರೆಗೆ ಕಾಯಬೇಕಾಯಿತು. 2017ರಲ್ಲಿ ದೇಶದ ಉತ್ತರದ ಕಾಬೊ ಡೆಲ್ಗಾಡೊ ಪ್ರಾಂತದಲ್ಲಿ ಬೇರೊಂದು ದಂಗೆ ಎದ್ದು, ಲಕ್ಷಾಂತರ ಜನ ಮನೆ ಬಿಟ್ಟು ಓಡಿದರು. ಒಳ್ಳೆಯ ಸುದ್ದಿಯೂ ಇಲ್ಲದಿಲ್ಲ. ಅಂದಿನ ಯುದ್ಧಗಳು ಬಿಟ್ಟುಹೋಗಿದ್ದ ನೆಲಬಾಂಬುಗಳನ್ನು ಒಂದೊಂದಾಗಿ ಹುಡುಕಿ ತೆಗೆದು, ದೇಶ 2015ರಲ್ಲಿ ತಾನು ನೆಲಬಾಂಬು ಮುಕ್ತ ಎಂದು ಸಾರಿತು. 1983ರಲ್ಲಿ ಆ ದೇಶ ಒಪ್ಪಿಕೊಂಡ ಬಾವುಟದಲ್ಲಿ ತೆರೆದ ಪುಸ್ತಕದ ಮೇಲೆ ಗುದ್ದಲಿಯೂ ಎಕೆ-47 ಬಂದೂಕೂ ಅಡ್ಡಡ್ಡವಾಗಿ ಇವೆ. ಸ್ವಾತಂತ್ರ್ಯ ತಂದ ಆಯುಧವೆಂದು ಅದಕ್ಕೆ ಅಲ್ಲಿ ಗೌರವ. ಅದೇ ಬಂದೂಕು ಹತ್ತಿಪ್ಪತ್ತು ವರ್ಷಗಳಲ್ಲಿ ಅಣ್ಣತಮ್ಮಂದಿರನ್ನು ಕೊಂದಿತು. ಒಂದೇ ವಸ್ತು ಒಬ್ಬನಿಗೆ ಬಿಡುಗಡೆ, ಇನ್ನೊಬ್ಬನಿಗೆ ಸಾವು. ಕುರ್ಚಿ ಈ ಗೊಂದಲವನ್ನು ಬಗೆಹರಿಸುವುದಿಲ್ಲ. ನಮ್ಮ ಮುಂದೆ ಇಡುತ್ತದೆ.

ಎಂಜಿನಿಯರಿಂಗ್ ಸೇರಬೇಕೆಂದಿರುವ ತರುಣ ತರುಣಿಯರಿಗೆ ಇನ್ನೊಂದು ಮಾತು. ಎಕೆ-47 ರೂಪಿಸಿದ ಮಿಖಾಯಿಲ್ ಕಲಾಶ್ನಿಕೋವ್ 1919ರಲ್ಲಿ ರೈತ ಕುಟುಂಬದಲ್ಲಿ ಹುಟ್ಟಿದವರು. ಗುಂಡನ್ನು ತಳ್ಳುವ ಅನಿಲದ ಒಂದು ಪಾಲನ್ನು ನಳಿಗೆಯ ರಂಧ್ರದಿಂದ ತೆಗೆದು ಪಿಸ್ಟನ್ ಒಂದನ್ನು ಹಿಂದಕ್ಕೆ ತಳ್ಳಿಸಿ, ಮುಂದಿನ ಗುಂಡು ತಾನಾಗಿ ಸಿದ್ಧವಾಗುವ ಏರ್ಪಾಡು ಅವರ ಬಂದೂಕಿನದು. ಬಿಡಿಭಾಗ ಕಡಿಮೆ, ಕೆಸರಿಗೂ ಮರಳಿಗೂ ಜಗ್ಗದು, ಬಳಸಲು ಹೆಚ್ಚು ಕಲಿಯಬೇಕಾಗಿಲ್ಲ. ಯಂತ್ರಶಾಸ್ತ್ರದ ಕಣ್ಣಿನಿಂದ ನೋಡಿದರೆ ಇವೆಲ್ಲ ಗುಣಗಳೇ. ಅದೇ ಗುಣಗಳಿಂದ ಅದು ಮಕ್ಕಳ ಕೈಗೂ ಹೊಂದಿಕೊಂಡಿತು. ತನ್ನ ದೇಶವನ್ನು ಕಾಯಲು ಮಾಡಿದ್ದೆಂದು ಅವರಿಗೆ ಹೆಮ್ಮೆಯಿತ್ತು. ಆದರೂ 2002ರಲ್ಲಿ, ಹುಲ್ಲು ಕತ್ತರಿಸುವ ಯಂತ್ರದಂತಹ, ರೈತನಿಗೆ ನೆರವಾಗುವ ಏನನ್ನಾದರೂ ಕಂಡುಹಿಡಿದಿದ್ದರೆ ಚೆನ್ನಾಗಿತ್ತು ಎಂದು ಹೇಳಿಕೊಂಡರು. 2013ರಲ್ಲಿ ಅವರು ತೀರಿಕೊಂಡ ಮೇಲೆ, ರಷ್ಯದ ಧರ್ಮಗುರುಗಳಿಗೆ ಅವರು ಬರೆದಿದ್ದ ಕಾಗದವೊಂದು ಬೆಳಕಿಗೆ ಬಂತು. ತಾನು ಮಾಡಿದ ಬಂದೂಕಿನಿಂದ ಸತ್ತವರ ಸಾವಿಗೆ ತಾನೂ ಹೊಣೆಯೆ ಎಂಬ ಪ್ರಶ್ನೆ ಅದರಲ್ಲಿತ್ತು.

ರೈತನಿಗೆ ನೆರವಾಗುವ ಯಂತ್ರ ಮಾಡಲಿಲ್ಲವೆಂದು ಆ ಮುದುಕ ಕೊರಗಿದರು. ಅವರ ಬಂದೂಕನ್ನು ಒಪ್ಪಿಸಿ ಗುದ್ದಲಿ ಪಡೆದ ಮೊಜಾಂಬಿಕ್‌ನ ರೈತ ಆ ಕೆಲಸವನ್ನು ಅವರ ಪರವಾಗಿ ಮಾಡಿ ಮುಗಿಸಿದ ಎನ್ನಬಹುದೇನೊ!

ಆಯುಧ ಎಂಬ ಮಾತನ್ನು ನಾವು ಕನ್ನಡದಲ್ಲಿ ಹೇಗೆ ಬಳಸುತ್ತೇವೆ ನೋಡಿ. ಆಯುಧಪೂಜೆಯ ದಿನ ಕತ್ತಿಗೂ ಪೂಜೆ, ಕುಡುಗೋಲಿಗೂ ಪೂಜೆ. ನಮ್ಮ ಸ್ಟುಡಿಯೊದಲ್ಲಿ ಕ್ಯಾಮೆರಾಗೆ ಹೂವಿಟ್ಟು ಬೂದುಗುಂಬಳ ಒಡೆಯುತ್ತೇವೆ. ಕೊಲ್ಲುವ ಸಾಧನಕ್ಕೂ ದುಡಿಯುವ ಸಾಧನಕ್ಕೂ ಒಂದೇ ಹೆಸರಿಟ್ಟವರು ನಾವು. ಎರಡರ ನಡುವಿನ ಗೋಡೆ ತೆಳುವಾದದ್ದು, ಆಚೆಯಿಂದ ಈಚೆಗೆ ಬರಲು ಒಬ್ಬ ಮನುಷ್ಯ ಮನಸ್ಸು ಮಾಡಿದರೆ ಸಾಕು ಎಂಬುದು ಹಿರಿಯರಿಗೆ ತಿಳಿದಿತ್ತೆಂದು ನಾನು ಅಂದುಕೊಳ್ಳುತ್ತೇನೆ.

ನೀವು ಬಂದೂಕಿನಿಂದ ಕುರ್ಚಿ ಮಾಡಬೇಕಾಗಿಲ್ಲ. ಆ ಗತಿ ನಿಮಗೆ ಬಾರದಿರಲಿ. ಆದರೆ ನಿಮ್ಮ ಮನೆಯ ಅಟ್ಟದಲ್ಲಿ, ಶಾಲೆಯ ಉಗ್ರಾಣದಲ್ಲಿ ಏನಾದರೂ ಇದ್ದೇ ಇರುತ್ತದೆ. ಮುರಿದ ಬೆಂಚು, ಅಜ್ಜನ ಗಾಡಿಯ ಚಕ್ರ, ಅಜ್ಜಿ ಕಡೆದ ಮಜ್ಜಿಗೆಯ ಕಂಬ. ಅದನ್ನು ಗುಜರಿಗೆ ಹಾಕುವ ಮೊದಲು, ಕೀಸಿ ಬಣ್ಣ ಬಳಿಯುವ ಮೊದಲೂ, ಎರಡು ಪ್ರಶ್ನೆ ಕೇಳಿ. ಇದು ಹಿಂದೆ ಏನು ಕೆಲಸ ಮಾಡುತ್ತಿತ್ತು? ಆ ಕೆಲಸದ ಗುರುತು ಇದರಲ್ಲಿ ಎಲ್ಲಿದೆ? ಉತ್ತರ ತಿಳಿದ ಮೇಲೆ ಊರಿನ ಬಡಗಿಯನ್ನೋ ಕಮ್ಮಾರನನ್ನೋ ಕರೆದು, ಆ ಗುರುತು ಕೆಡದಂತೆ ಏನು ಮಾಡಬಹುದು ಎಂದು ಕೇಳಿ. ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

ನಮ್ಮ ಬೆಂಚು ಈಗಲೂ ಇದೆ. ಅದರ ಮೇಲೆ ಯಾರೂ ಕೂರುವುದಿಲ್ಲ. ಅಮ್ಮ ಹೇಳಿದರೆಂದು ಅದನ್ನು ಮುಂಬಾಗಿಲಿನ ಪಕ್ಕದ ಗೋಡೆಗೆ ಸರಿಸಿ, ಸಂಜೆಯ ದೀಪ ಇಡುವ ಜಾಗ ಮಾಡಿದ್ದೇವೆ. ಬಾಗಿಲು ತಿರುಗುತ್ತಿದ್ದ ಕುಳಿಯಲ್ಲಿ ದೀಪದ ಬುಡ ಸರಿಯಾಗಿ ಕೂರುತ್ತದೆ. ಆಚಾರರು ಅದನ್ನು ಮುಚ್ಚದೆ ಬಿಟ್ಟದ್ದು ಒಳ್ಳೆಯದೇ ಆಯಿತು.